ಚುಕ್ಕಾಣಿಯ ಪಕ್ಕದ ಜಾಗ

ದ್ವೀಪಕ್ಕೆ ಹೋಗುವ ತಾರೀಖು ಗೊತ್ತಾಗಿದೆ ಎಂಬ ಸುದ್ದಿ ಅವನ ಕಿವಿಗೆ ಬಿದ್ದದ್ದು ತೊಳೆದ ತಟ್ಟೆಗಳನ್ನು ಒರೆಸುತ್ತಿದ್ದಾಗ. ಅದೂ ಹೆಂಡತಿಯ ಬಾಯಿಂದ, ಅದೂ ಬೇರೇನೋ ಮಾತಿನ ನಡುವೆ.

"ಅಂದ ಹಾಗೆ, ಅಪ್ಪ ಬೋಟ್ ತೆಗೆಯೋದು ಮುಂದಿನ ತಿಂಗಳು ಎರಡನೇ ಶನಿವಾರವಂತೆ. ತಂಗಿ ಫೋನ್ ಮಾಡಿದ್ಲು. ಅವಳ ಗಂಡ ಆಗಲೇ ರಜಾ ಹಾಕಿ ಆಯ್ತಂತೆ."

ಒರೆಸಿದ ತಟ್ಟೆಯನ್ನೇ ಮತ್ತೆ ಒರೆಸುತ್ತ ಅವನು "ಹೌದಾ" ಎಂದ. ಅಷ್ಟೇ ಎಂದದ್ದು. ಹೊಟ್ಟೆಯೊಳಗೆ ಮಾತ್ರ ಯಾರೋ ಬೆಂಕಿಕಡ್ಡಿ ಗೀರಿದ ಹಾಗಾಯಿತು.

ಅವನದು ಕನ್ನಡಕದ ಅಂಗಡಿ. ಮುಂದೆ ಗಾಜಿನ ಕಪಾಟು, ಹಿಂದೆ ಕಣ್ಣು ಪರೀಕ್ಷಿಸುವ ಕತ್ತಲೆ ಕೋಣೆ, ಅದರಾಚೆ ಗಾಜು ಉಜ್ಜುವ ಯಂತ್ರ ಇಟ್ಟುಕೊಂಡ ಗೂಡಿನಂಥ ಜಾಗ. ಹನ್ನೊಂದು ವರ್ಷದಿಂದ ದ್ವೀಪದ ಪ್ರಯಾಣ ಶುರುವಾಗುತ್ತಿದ್ದದ್ದು ಆ ಕತ್ತಲೆ ಕೋಣೆಯಲ್ಲಿ. ಬಂದರಿನಲ್ಲಿ ಮೂವತ್ತು ವರ್ಷ ಕ್ರೇನು ಓಡಿಸಿ ನಿವೃತ್ತರಾದ ಮಾವ, ಗಿರಾಕಿಗಳಿಲ್ಲದ ಮಧ್ಯಾಹ್ನ ನೋಡಿಕೊಂಡು ಬರುತ್ತಿದ್ದರು. ಪರೀಕ್ಷೆಯ ಕುರ್ಚಿಯಲ್ಲಿ ಕೂತು ಮಗುವಿನ ಹಾಗೆ ಒಂದು ಸುತ್ತು ತಿರುಗಿ, "ಈ ಸಲ ಯಾವಾಗ, ಅಳಿಯಂದಿರೇ?" ಎನ್ನುತ್ತಿದ್ದರು. ಅವನು ಡ್ರಾಯರಿನಿಂದ ಭರತ ಇಳಿತದ ಪಟ್ಟಿ, ಹಿಂದಿನ ವರ್ಷ ಗಾಳಿ ಯಾವ ದಿನ ತಿರುಗಿತು ಎಂದು ಬರೆದಿಟ್ಟ ಪುಸ್ತಕ, ದ್ವೀಪದ ಸುತ್ತಲಿನ ನಕಾಶೆ ಎಲ್ಲ ತೆಗೆಯುತ್ತಿದ್ದ. ಇಬ್ಬರೂ ತಲೆಗೆ ತಲೆ ಹಚ್ಚಿ ಕೂತರೆ ಬಾಗಿಲಿನ ಗಂಟೆ ಬಾರಿಸಿದರೂ ಕೇಳಿಸುತ್ತಿರಲಿಲ್ಲ.

ಮಾವನ ಬೋಟು ದೊಡ್ಡದೇನಲ್ಲ. ಯಾರೋ ಬೇಡವೆಂದು ಬಿಟ್ಟಿದ್ದನ್ನು ತಂದು, ತಾವೇ ಉಜ್ಜಿ, ಬಣ್ಣ ಹೊಡೆದು, ಎರಡು ಇಂಜಿನ್ ಕೂರಿಸಿದ್ದರು. ವರ್ಷಕ್ಕೊಮ್ಮೆ ಅದರಲ್ಲಿ ಮೂವತ್ತು ಮೈಲಿ ದೂರದ ದ್ವೀಪಕ್ಕೆ ಹೋಗಿ, ಗಾಳದ ಕೋಲು ಹಿಡಿದು ಟ್ಯೂನಾ ಮೀನಿನ ಜೊತೆ ಜಗ್ಗಾಡಿ ಬರುವುದು. ಹೊಟ್ಟೆಪಾಡಿನ ಮೀನುಗಾರಿಕೆಯಲ್ಲ, ಬರೀ ಹುಚ್ಚು. ಆ ಹುಚ್ಚಿನಲ್ಲಿ ತಾನೊಬ್ಬನೇ ಪಾಲುದಾರ ಎಂಬುದು ಅವನ ಹೆಮ್ಮೆಯಾಗಿತ್ತು.

ಆರು ತಿಂಗಳ ಹಿಂದೆ ನಾದಿನಿಗೆ ಮದುವೆಯಾಯಿತು. ಗಂಡ ಲಿಫ್ಟ್ ರಿಪೇರಿ ಮಾಡುವವನು. ದೊಡ್ಡ ಅಂಗೈ, ಅದಕ್ಕಿಂತ ದೊಡ್ಡ ನಗು. ಸಮುದ್ರವನ್ನು ದಡದಿಂದ ಬಿಟ್ಟರೆ ನೋಡಿದವನಲ್ಲ. ಅಂಥ ಷಡ್ಡಕ ಬಂದಾಗ ಕನ್ನಡಕದವನಿಗೆ ಸಂತೋಷವೇ ಆಗಿತ್ತು. ಮಾವ ಅವನನ್ನು ಎರಡನೇ ಭೇಟಿಯಲ್ಲೇ "ಲೋ" ಎಂದು ಕರೆದಾಗ ಸಂತೋಷದ ತುದಿ ಸ್ವಲ್ಪ ಸುಟ್ಟಿತು. ಹನ್ನೊಂದು ವರ್ಷ ಪಕ್ಕದಲ್ಲಿ ನಿಂತವನಿಗೆ ಇವತ್ತಿಗೂ "ನೀವು", "ಬನ್ನಿ", "ಕೂತ್ಕೊಳ್ಳಿ". ಆರು ತಿಂಗಳಿನವನಿಗೆ "ಲೋ, ಬಾರೋ ಇಲ್ಲಿ". ಮರ್ಯಾದೆ ಇಷ್ಟು ಚುಚ್ಚುತ್ತದೆಂದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಭಾನುವಾರ ಎಲ್ಲರೂ ಮಾವನ ಮನೆಯಲ್ಲಿ ಸೇರಿದರು. ಅವನು ಹೋಗುವಷ್ಟರಲ್ಲಿ ಊಟದ ಮೇಜಿನ ಮೇಲೆ ನಕಾಶೆ ಹಾಸಿ ಆಗಿತ್ತು. ನಾಲ್ಕು ಮೂಲೆಗೂ ಲೋಟ ಇಟ್ಟಿದ್ದರು. ಲಿಫ್ಟಿನವನು ಮೊಣಕೈ ಊರಿಕೊಂಡು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದ.

"ಮಾವ, ಈ ಸಣ್ಣ ಸಣ್ಣ ಅಂಕಿ ಏನು?"

"ಆಳ ಕಣೋ. ಅಲ್ಲಿ ನೀರು ಎಷ್ಟು ಆಳ ಅಂತ."

"ಇಲ್ಲಿ ನೂರ ಎಂಬತ್ತು, ಪಕ್ಕದಲ್ಲೇ ಮೂವತ್ತು! ಅಂದ್ರೆ ಲಿಫ್ಟ್ ಗುಂಡಿ ಹಾಗೆ ಒಂದೇ ಸಲ ಇಳಿದುಬಿಡುತ್ತಾ?"

"ಶಭಾಷ್!" ಮಾವ ಮೇಜು ಗುದ್ದಿದರು. ಒಂದು ಲೋಟ ಹಾರಿತು. "ಅದೇ ಜಾಗ! ಸಮುದ್ರದೊಳಗಿನ ಗೋಡೆ ಅದು. ಸಣ್ಣ ಮೀನು ಗೋಡೆ ಹತ್ತಿರ ಮೇಯುತ್ತೆ, ದೊಡ್ಡದು ಆಳದಿಂದ ಮೇಲೆ ಬರುತ್ತೆ. ನಾವು ಗೋಡೆ ಅಂಚಲ್ಲೇ ಹೋಗ್ಬೇಕು."

ಅದು ಕನ್ನಡಕದವನಿಗೆ ಮೊದಲ ವರ್ಷದಿಂದ ಗೊತ್ತು. ಅವನು ಯಾರನ್ನೂ ಕೇಳಿರಲಿಲ್ಲ. ಮೂರು ಪುಸ್ತಕ ತಂದು, ಮನೆಯಲ್ಲಿ ಓದಿ, ಏನೂ ಓದದವನ ಹಾಗೆ ಬಂದು ಹೇಳಿದ್ದ. ಮಾವ ಅವತ್ತು "ಓಹೋ, ತಿಳಿದುಕೊಂಡೇ ಬಂದಿದ್ದೀರಿ" ಎಂದಿದ್ದರು. ಆ ಮಾತನ್ನು ಅವನು ಹನ್ನೊಂದು ವರ್ಷ ಹೊಗಳಿಕೆಯೆಂದೇ ಜೋಪಾನ ಮಾಡಿದ್ದ. ಮಾವ ಅವನಿಗಾಗಿ ಒಮ್ಮೆಯೂ ಮೇಜು ಗುದ್ದಿರಲಿಲ್ಲ.

"ಬೋಟಿನ ಹಿಂದೆ ಬಲಗಡೆ ಮೂಲೆ ಇದೆಯಲ್ಲ, ಈ ಸಲ ಅದನ್ನ ಇವನಿಗೆ ಕೊಡೋಣ ಅಳಿಯಂದಿರೇ," ಎಂದರು ಮಾವ. "ಹೊಸಬ. ಮೊದಲ ಮೀನು ಸಿಕ್ಕರೆ ಜೀವನಪೂರ್ತಿ ಹುಚ್ಚು ಹಿಡಿಯುತ್ತೆ."

"ಕೊಡಿ ಮಾವ, ಅದಕ್ಕೇನು," ಎಂದು ಅವನು ನಕ್ಕ. ಕೆನ್ನೆ ನೋಯುವ ಹಾಗೆ ನಕ್ಕ. ಆ ಮೂಲೆ ಹನ್ನೊಂದು ವರ್ಷದಿಂದ ಅವನದು. ಅಲ್ಲಿ ಮಂಡಿ ಒತ್ತಿ ಒತ್ತಿ ಬಣ್ಣ ಎದ್ದುಹೋದ ಗುರುತು ಕೂಡ ಅವನದೇ.

ಆದರೂ ಒಂದು ಸಮಾಧಾನ ಉಳಿದಿತ್ತು. ಮೂಲೆ ಹೋದರೆ ಹೋಗಲಿ, ಚುಕ್ಕಾಣಿಯ ಪಕ್ಕದ ಜಾಗವಿದೆಯಲ್ಲ. ಅದನ್ನು ಯಾರೂ ಕಿತ್ತುಕೊಳ್ಳಲಾರರು. ಯಾಕೆಂದರೆ ಆ ಜಾಗದ ಗುಟ್ಟು ಗೊತ್ತಿದ್ದದ್ದು ಇಬ್ಬರಿಗೇ.

ಎರಡು ವರ್ಷದ ಹಿಂದೆ ಮಾವ ಕನ್ನಡಕ ಬದಲಿಸಲು ಬಂದಿದ್ದರು. ಅವನು ಗಾಜಿನ ಮೇಲೆ ಗಾಜು ಹಾಕಿ ನೋಡಿದರೂ ಅಕ್ಷರದ ಮೂರನೇ ಸಾಲು ದಾಟಲಿಲ್ಲ. ಸಂಶಯ ಬಂದು ಚೌಕುಳಿ ಗೆರೆಗಳ ಕಾಗದ ಕೈಗೆ ಕೊಟ್ಟು, ನಡುವಿನ ಚುಕ್ಕೆ ನೋಡಿ ಎಂದ. "ಚುಕ್ಕೆ ಎಲ್ಲಿದೆ?" ಎಂದರು ಮಾವ. "ಗೆರೆ ಯಾಕೆ ಹೀಗೆ ಅಂಕುಡೊಂಕಾಗಿದೆ? ನೆಟ್ಟಗೆ ಎಳೆಯೋಕೆ ಬರಲ್ವಾ ನಿಮಗೆ?" ಅವನು ದೊಡ್ಡ ಡಾಕ್ಟರ ಹತ್ತಿರ ಕಳಿಸಿದ. ಎರಡೂ ಕಣ್ಣಿನ ಪರದೆ ನಡುಮಧ್ಯದಲ್ಲಿ ಸವೆಯುತ್ತಿದೆ, ಅಂಚಿನ ನೋಟ ಉಳಿಯುತ್ತದೆ, ನಡುವಿನದು ಮೆಲ್ಲಗೆ ಹೋಗುತ್ತದೆ, ಔಷಧಿಯಿಲ್ಲ ಎಂದು ಬಂತು. ಮಾವ ಅದೇ ಕುರ್ಚಿಯಲ್ಲಿ ಕೂತು, ಆ ದಿನ ಸುತ್ತು ತಿರುಗದೆ ಹೇಳಿದರು: "ಇದು ನಿಮ್ಮ ಹೊಟ್ಟೆಯಲ್ಲೇ ಇರಲಿ. ಗೊತ್ತಾದರೆ ಬೋಟಿನ ಬೀಗದ ಕೈ ಕಿತ್ತುಕೊಳ್ತಾರೆ."

ಅದು ತಪ್ಪೆಂದು ಅವನಿಗೆ ಗೊತ್ತಿತ್ತು. ಆದರೂ ಹೊಟ್ಟೆಯಲ್ಲಿಟ್ಟುಕೊಂಡ. ಅಂದಿನಿಂದ ಬೋಟು ಹೊರಟರೆ ಚುಕ್ಕಾಣಿಯ ಪಕ್ಕದಲ್ಲಿ ನಿಂತು ಮೆತ್ತಗೆ ಹೇಳುತ್ತಿದ್ದ: "ಎಡಕ್ಕೆ ಬಲೆ ಬಿಟ್ಟಿದ್ದಾರೆ ಮಾವ." "ಆಳ ಅರವತ್ತು." "ಎದುರಿಗೆ ಹಡಗು, ದೂರ ಇದೆ." ಬೇರೆಯವರಿಗೆ ಮಾವ ಅಳಿಯ ಹರಟೆ ಹೊಡೆಯುತ್ತಿದ್ದ ಹಾಗೆ ಕಾಣುತ್ತಿತ್ತು. ಮಾವನ ಕಣ್ಣು ನಾನೇ ಎಂದು ಅವನು ಒಳಗೊಳಗೇ ಬೀಗುತ್ತಿದ್ದ. ಅಂಥ ಜಾಗದಲ್ಲಿ ಲಿಫ್ಟಿನವನು ಹೇಗೆ ತಾನೇ ನಿಂತಾನು?

ಪ್ರಯಾಣಕ್ಕೆ ಎರಡು ವಾರವಿದ್ದಾಗ, ಇಂಜಿನ್ ನೋಡಿಕೊಳ್ಳಲು ಬಂದರಿನ ಹತ್ತಿರವೇ ಒಂದು ಸುತ್ತು ಹೋಗಿಬರೋಣ ಎಂದು ಮಾವ ಹೇಳಿದರು. ಸಂಜೆ ನಾಲ್ಕಕ್ಕೆ. ಕನ್ನಡಕದವನು ಮೂರೂವರೆಗೆ ಬಾಗಿಲು ಹಾಕಬೇಕು ಎನ್ನುವಾಗ ಒಬ್ಬಾಕೆ ಬಂದಳು. ನಿನ್ನೆ ಕೊಂಡ ಚೌಕಟ್ಟು ಕಿವಿ ಹಿಂದೆ ಒತ್ತುತ್ತದೆ ಎಂದಳು. ಬಿಸಿ ಮಾಡಿ ಬಗ್ಗಿಸಿಕೊಟ್ಟ. ಈಗ ಮೂಗಿನ ಮೇಲೆ ಜಾರುತ್ತದೆ ಎಂದಳು. ಮತ್ತೆ ಬಗ್ಗಿಸಿದ. ಕನ್ನಡಿಯಲ್ಲಿ ನೋಡಿಕೊಂಡು, ಬಣ್ಣವೇ ಒಪ್ಪುತ್ತಿಲ್ಲ ಎಂದಳು. ಅವನು ಕಟ್ಟೆಗೆ ಓಡಿ ಬಂದಾಗ ನಾಲ್ಕೂ ಇಪ್ಪತ್ತು. ಬೋಟು ಕಟ್ಟುವ ಗೂಟಗಳು ಖಾಲಿ ನಿಂತಿದ್ದವು.

ಇಪ್ಪತ್ತು ನಿಮಿಷವೂ ಕಾಯಲಿಲ್ಲ. ಒಂದು ಫೋನೂ ಮಾಡಲಿಲ್ಲ. ಅವನು ಏದುಸಿರು ಬಿಡುತ್ತ ಕಟ್ಟೆಯ ತುದಿಗೆ ಹೋಗಿ ನಿಂತ. ನಾನಿಲ್ಲದೆ ಹೇಗೆ ಹೋದರು ಎಂದುಕೊಂಡು ನೀರನ್ನೆಲ್ಲ ಕಣ್ಣಲ್ಲೇ ಜಾಲಾಡಿದ. ಎದುರಿಗೆ ಸರಕಿನ ಹಡಗುಗಳು, ದಾರಿ ತೋರಿಸುವ ಕೆಂಪು ತೇಲುಪೀಪಾಯಿಗಳು, ಅಡ್ಡಾದಿಡ್ಡಿ ಹೋಗುವ ಸಣ್ಣ ದೋಣಿಗಳು. ಮಾವನಿಗೆ ಏನಾದರೂ ಆದರೆ?

ಏನೂ ಆಗಲಿಲ್ಲ. ಐದರ ಹೊತ್ತಿಗೆ ಬೋಟು ಅಲೆತಡೆಗೋಡೆಯನ್ನು ದಾಟಿ ಒಳಗೆ ಬಂತು. ಎರಡು ಪೀಪಾಯಿಗಳ ನಡುವೆ ನೆಟ್ಟಗೆ, ದಾರ ಹಿಡಿದು ಎಳೆದ ಹಾಗೆ ಬಂತು. ಚುಕ್ಕಾಣಿ ಹಿಡಿದ ಮಾವ ಗಲ್ಲ ಎತ್ತಿ ನಿಂತಿದ್ದರು. ಪಕ್ಕದಲ್ಲಿ, ಅವನದೇ ಜಾಗದಲ್ಲಿ, ಅವನ ಹಾಗೆಯೇ ಒಂದು ಕೈಯಲ್ಲಿ ಕಂಬಿ ಹಿಡಿದು ಲಿಫ್ಟಿನವನು ನಿಂತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. ನಿಲ್ಲದೆ ಅಲ್ಲಾಡುತ್ತಿತ್ತು. ಮುಂದೆ ನೋಡುವನು, ಏನೋ ಹೇಳುವನು, ಆಳ ತೋರಿಸುವ ಯಂತ್ರದ ಪರದೆ ನೋಡುವನು, ಏನೋ ಹೇಳುವನು. ಮಾವ ತಲೆದೂಗುತ್ತಿದ್ದರು.

ಹೇಳಿಬಿಟ್ಟಿದ್ದಾರೆ. ನನಗೆ ಮಾತ್ರ ಗೊತ್ತಿದ್ದದ್ದನ್ನು ಇವನಿಗೂ ಹೇಳಿಬಿಟ್ಟಿದ್ದಾರೆ.

ಬೋಟು ಹತ್ತಿರವಾದಾಗ ಲಿಫ್ಟಿನವನು ಕೈ ಬೀಸಿ ಕೂಗಿದ. "ಭಾವಾ! ಎಲ್ಲಿ ಹೋಗಿದ್ರಿ? ಇಪ್ಪತ್ತೆರಡು ಮೀಟರ್ ಆಳದಲ್ಲಿ ಮೀನಿನ ಹಿಂಡೇ ಕಾಣಿಸ್ತು!"

ಕನ್ನಡಕದವನು ಹಗ್ಗ ಹಿಡಿದು ಗೂಟಕ್ಕೆ ಸುತ್ತಿದ. "ಗಿರಾಕಿ ಬಂದಿದ್ರು," ಎಂದ. ಅವನು ಅವತ್ತು ಹಾಕಿದ ಗಂಟು ಎಷ್ಟು ಬಿಗಿಯಾಗಿತ್ತೆಂದರೆ ಮರುದಿನ ಅದನ್ನು ಬಿಡಿಸಲು ಮಾವನಿಗೆ ಅರ್ಧ ಗಂಟೆ ಹಿಡಿಯಿತಂತೆ.

ಅದಾದ ಮೇಲೆ ಅವನಿಗೆ ಊಟ ಸೇರಲಿಲ್ಲ. ಅಂಗಡಿಯಲ್ಲಿ ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಒಬ್ಬ ಬ್ಯಾಂಕಿನವನಿಂದ ಬೈಸಿಕೊಂಡ. ಹೆಂಡತಿ "ಯಾಕೆ ಮುಖ ಗಂಟು ಹಾಕ್ಕೊಂಡಿದ್ದೀಯ?" ಎಂದರೆ "ತಲೆನೋವು" ಎಂದ. ಅವಳು ಕಾರು ಕಲಿಸುವ ಶಾಲೆಯಲ್ಲಿ ಕಲಿಸುವವಳು. ಗಾಬರಿಬಿದ್ದವರ ಪಕ್ಕದಲ್ಲಿ ದಿನವಿಡೀ ಕೂರುವ ಅಭ್ಯಾಸವಿದ್ದುದರಿಂದ ಹೆಚ್ಚು ಕೆದಕಲಿಲ್ಲ.

ಹೊರಡಲು ಆರು ದಿನವಿರುವಾಗ ಮಾವನ ಮನೆಯಲ್ಲಿ ಕೊನೆಯ ಸಭೆ. ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಎಲ್ಲರೂ ಊಟ ಮುಗಿಸಿ ಮೇಜಿನ ಸುತ್ತ ಕೂತಿದ್ದರು. ಸಾಮಾನಿನ ಪಟ್ಟಿ ಪ್ರತಿ ವರ್ಷ ಕನ್ನಡಕದವನದೇ ಕೈಬರಹ. ಮೊದಲು ನೀರು, ಆಮೇಲೆ ಇಂಧನ, ಆಮೇಲೆ ತಲೆಗೊಂದು ತೇಲುವ ಜಾಕೆಟ್ಟು, ಆಮೇಲೆ ಮಂಜುಗಡ್ಡೆ. ಹನ್ನೊಂದು ವರ್ಷದಿಂದ ಇದೇ ಸಾಲು. ಈ ಸಲ ಅವನು ಮೊದಲನೆಯದಾಗಿ ಹಗ್ಗ ಎಂದು ಬರೆದಿದ್ದ. ನೀರನ್ನು ಆರನೆಯದಕ್ಕೆ ತಳ್ಳಿದ್ದ. ಬರೆಯುವಾಗ ಯಾಕೆ ಹಾಗೆ ಬರೆಯುತ್ತಿದ್ದೇನೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಗೊತ್ತಿತ್ತು.

"ಲೋ, ಪಟ್ಟಿ ಓದೋ," ಎಂದರು ಮಾವ ಲಿಫ್ಟಿನವನಿಗೆ.

ಲಿಫ್ಟಿನವನು ಕೈ ಚಾಚಿದ. ಕನ್ನಡಕದವನು ಕಾಗದವನ್ನು ಅವನಿಗೆ ಕೊಡದೆ ಮಾವನ ಮುಂದೆ ಇಟ್ಟ. "ಬೋಟಿನ ಯಜಮಾನರು ನೀವು. ಈ ಸಲ ನೀವೇ ಓದಿ ಮಾವ."

ಮಾವ ಅವನತ್ತ ತಿರುಗಿದರು. ಕಾಗದ ಎತ್ತಿಕೊಂಡರು. ಬೆಳಕಿಗೆ ಹಿಡಿದು, ಹಕ್ಕಿಯ ಹಾಗೆ ಕತ್ತು ಒಂದು ಪಕ್ಕಕ್ಕೆ ವಾಲಿಸಿ, ಗಂಟಲು ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು. "ನೀರು, ನಲವತ್ತು ಲೀಟರ್. ಇಂಧನ, ಎರಡು ಟ್ಯಾಂಕ್, ಮೇಲೆ ನಾಲ್ಕು ಕ್ಯಾನ್..."

ಪಕ್ಕದಲ್ಲಿ ಕೂತಿದ್ದ ಕಿರಿಮಗಳು ಬಗ್ಗಿ ನೋಡಿದಳು. "ಅಪ್ಪ, ಮೊದಲನೇದು ಹಗ್ಗ ಅಂತಿದೆಯಲ್ಲ?"

ಮಾವ ಕಾಗದವನ್ನು ಮೇಜಿನ ಮೇಲಿಟ್ಟರು. ಅಲ್ಲಿಗೇ ನಿಲ್ಲಿಸಬಹುದಿತ್ತು. ಕನ್ನಡಕದವನ ಬಾಯಿ ನಿಲ್ಲಲಿಲ್ಲ.

"ಎರಡು ವರ್ಷದಿಂದ ಅವರಿಗೆ ಓದೋಕಾಗ್ತಿಲ್ಲ. ನಡುವಿನ ನೋಟವೇ ಹೋಗಿದೆ. ನನಗೆ ಗೊತ್ತು, ಇವನಿಗೂ ಗೊತ್ತು. ನಿಮಗೆ ಮಾತ್ರ ಹೇಳಿಲ್ಲ, ಅಷ್ಟೇ."

"ನನಗಾ?" ಲಿಫ್ಟಿನವನು ಎದ್ದೇ ನಿಂತ. "ನನಗೇನು ಗೊತ್ತು ಭಾವ?"

"ಅವತ್ತು ಬೋಟಲ್ಲಿ ಎಲ್ಲಾ ನೋಡಿ ನೋಡಿ ಹೇಳ್ತಿದ್ದೆಯಲ್ಲ."

"ಅದು ಕಲಿಯೋಕೆ! ಕಂಡಿದ್ದನ್ನೆಲ್ಲ ಗಟ್ಟಿಯಾಗಿ ಹೇಳ್ತಾ ಹೋಗು, ಬೇಗ ತಲೆಗೆ ಹತ್ತುತ್ತೆ ಅಂದ್ರು ಮಾವ. ನಾನು ಹೇಳಿದೆ. ಅಷ್ಟೇ." ಅವನು ಮಾವನ ಕಡೆ ನೋಡಿದ. "ಮಾವ, ನಿಮಗೆ ಪೀಪಾಯಿ ಕಾಣಿಸ್ತಿರಲಿಲ್ವಾ?"

ಅತ್ತೆ ತಮ್ಮ ಸೆರಗಿನ ಅಂಚನ್ನು ಮಡಿಸುತ್ತ, ಯಾರಿಗೂ ಅಲ್ಲದ ಹಾಗೆ ಹೇಳಿದರು. "ವರ್ಷದಿಂದ ನನ್ನ ಮುಖ ನೋಡಿ ಮಾತಾಡ್ತಿಲ್ಲ. ಕಿವಿ ನೋಡಿ ಮಾತಾಡ್ತಾರೆ. ನನ್ನ ಮೇಲೆ ಏನೋ ಕೋಪ ಇರಬೇಕು ಅಂದ್ಕೊಂಡಿದ್ದೆ."

ಮಾವ ಎದ್ದು, ಕುರ್ಚಿಯ ಬೆನ್ನು ತಡವಿಕೊಂಡು, ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಾವ ಯಾರಿಗೂ ಹೇಳಿರಲಿಲ್ಲ. ಆ ಗುಟ್ಟು ಕೊನೆಯವರೆಗೂ ಅವನೊಬ್ಬನದೇ ಆಗಿತ್ತು. ಅದನ್ನು ಅವನೇ ತಂದು ಮೇಜಿನ ಮೇಲೆ ಸುರಿದಿದ್ದ.

ಮನೆಗೆ ಹೋಗುವಾಗ ಕಾರು ಓಡಿಸುತ್ತಿದ್ದ ಹೆಂಡತಿ ಮೂರು ಸಿಗ್ನಲ್ ದಾಟಿದಳು. ನಾಲ್ಕನೆಯದರಲ್ಲಿ ಕೆಂಪು ದೀಪ ಬಿದ್ದಾಗ ಶುರುಮಾಡಿದಳು.

"ಎರಡು ವರ್ಷ. ತಂಗಿ ಮದುವೆಗೆ ಬಂದವರನ್ನೆಲ್ಲ ಆ ಬೋಟಲ್ಲಿ ಸುತ್ತಾಡಿಸಿದ್ರು ಅಪ್ಪ. ನೀನು ಪಕ್ಕದಲ್ಲಿ ನಿಂತು ನಗ್ತಾ ಇದ್ದೆ."

"ನಾನು ನೋಡ್ಕೋತಿದ್ದೆ..."

"ನನ್ನ ಹತ್ತಿರ ಕಲಿಯೋಕೆ ಬಂದವರು ಯಾರಾದ್ರೂ ಹೀಗೆ ಹೇಳಿದ್ರೆ ಅವತ್ತೇ ಗೇಟಿನಾಚೆ ಕಳಿಸ್ತೀನಿ. ಹೇಳಬೇಕಾದಾಗ ಹೇಳಲಿಲ್ಲ. ಹೇಳಿದಾಗ, ಹೇಳಬಾರದ ಹಾಗೆ ಹೇಳಿದೆ. ಯಾಕೆ? ಅಪ್ಪ ನಿನಗೇನು ಮಾಡಿದ್ರು?"

ಉತ್ತರ ಅವನಲ್ಲಿತ್ತು. ಅವರು ಅವನನ್ನು ಲೋ ಅಂತಾರೆ, ನನ್ನನ್ನು ಅನ್ನಲ್ಲ. ನಲವತ್ತನಾಲ್ಕು ವರ್ಷದ ಗಂಡಸು ಆ ಮಾತನ್ನು ಹೆಂಡತಿಗೆ ಹೇಳುವುದು ಹೇಗೆ? ದೀಪ ಹಸಿರಾಯಿತು. ಅವಳು ಗೇರು ಹಾಕಿದಳು.

ಮರುದಿನ ಅವಳೊಬ್ಬಳೇ ತವರಿಗೆ ಹೋದಳು. ಅಲ್ಲಿ ನಡೆದದ್ದು ಅವನಿಗೆ ಅತ್ತೆಯ ಮೂಲಕ ತಿಳಿಯಿತು. "ಬೀಗದ ಕೈ ಕೊಡಿ ಅಪ್ಪ" ಎಂದಳಂತೆ. ಮಾವ ಕಿಟಕಿಯ ಕಡೆ ತಿರುಗಿ ಕೂತರಂತೆ. ಇವಳೂ ಅಲ್ಲೇ ಕೂತಳಂತೆ. ಹುಡುಗಿಯಾಗಿದ್ದಾಗ ಇದೇ ಅಪ್ಪನ ತೊಡೆಯ ಮೇಲೆ ಕೂತು ದೋಣಿ ತಿರುಗಿಸಲು ಕಲಿತವಳು ಅವಳು. ಇಪ್ಪತ್ತನೆಯ ವಯಸ್ಸಿಗೆ ಬೋಟಿನ ಲೈಸೆನ್ಸನ್ನೂ ತೆಗೆದುಕೊಂಡಿದ್ದಳು. ಮದುವೆ, ಕೆಲಸ ಎಂದು ಆಮೇಲೆ ಸಮುದ್ರ ದೂರವಾಗಿತ್ತು. "ಬೋಟು ಮಾರಬೇಕಾಗಿಲ್ಲ, ನೀವು ದಡದಲ್ಲಿ ಕೂರಬೇಕಾಗಿಲ್ಲ. ಓಡಿಸೋದು ನಾನು, ದಾರಿ ಹೇಳೋದು ನೀವು. ಒಪ್ಪಿದ್ರೆ ಶನಿವಾರ ಹೊರಡೋಣ, ಇಲ್ಲದಿದ್ರೆ ಇಲ್ಲ." ಸುಮಾರು ಹೊತ್ತಿನ ಮೇಲೆ ಮಾವ ಜೇಬಿನಿಂದ ಕೈ ತೆಗೆದು ಕಿಟಕಿಯ ಕಟ್ಟೆಯ ಮೇಲೆ ಬೀಗದ ಕೈ ಇಟ್ಟರಂತೆ. ಮಗಳ ಕೈಗೆ ಕೊಡಲಿಲ್ಲ. ಇಟ್ಟರು, ಅಷ್ಟೇ. ಮೂರು ಸಂಜೆ ಬಂದರಿನಲ್ಲಿ ಅವಳಿಗೆ ಪರೀಕ್ಷೆ ಮಾಡಿ, ಕೊನೆಗೆ "ಬ್ರೇಕ್ ಹುಡುಕೋದು ನಿಲ್ಲಿಸು, ಸಮುದ್ರಕ್ಕೆ ಬ್ರೇಕಿಲ್ಲ" ಎಂದು ಪಾಸು ಮಾಡಿದರು.

ಗುರುವಾರ ಮಧ್ಯಾಹ್ನ ಅಂಗಡಿಗೆ ಬೀಗ ಹಾಕಿ ಅವನು ಕಟ್ಟೆಗೆ ಹೋದ. ಮಾವ ಬೋಟಿನ ಹಿಂಭಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಗಾಳದ ರೀಲುಗಳನ್ನು ಬಿಚ್ಚಿ ಎಣ್ಣೆ ಹಾಕುತ್ತಿದ್ದರು. ನೋಟ ಎಲ್ಲೋ, ಬೆರಳು ಮಾತ್ರ ಒಂದು ತಿರುಪಿಗೂ ತಪ್ಪುತ್ತಿರಲಿಲ್ಲ. ಬೋಟು ಅಲುಗಿದ್ದಕ್ಕೇ ಯಾರೆಂದು ಗೊತ್ತಾಯಿತೇನೋ, ತಲೆ ಎತ್ತಲಿಲ್ಲ.

"ಮಾವ, ತಪ್ಪಾಯ್ತು."

"ಆಯ್ತು."

"ಅವನಿಗೂ ಹೇಳಿದ್ದೀರಿ ಅಂದ್ಕೊಂಡೆ."

"ಹೇಳಿದ್ರೆ ಏನಾಗ್ತಿತ್ತು? ನಿನ್ನ ಆಸ್ತಿ ಕರಗ್ತಿತ್ತಾ?" ಮಾವ ರೀಲನ್ನು ಕೆಳಗಿಟ್ಟರು. "ಕೇಳು. ಅವತ್ತು ನೀನು ಬರೋಕೆ ಮುಂಚೆ ಯಾಕೆ ಹೊರಟೆ ಗೊತ್ತಾ? ಬೇಕಂತಲೇ ಹೊರಟೆ. ನೀನು ಪಕ್ಕದಲ್ಲಿ ನಿಂತು 'ಎಡಕ್ಕೆ ಮಾವ, ಬಲಕ್ಕೆ ಮಾವ' ಅಂದಾಗೆಲ್ಲ ನನಗೆ ಸಮುದ್ರ ಮರೆತುಹೋಗುತ್ತೆ. ನಿನ್ನ ಅಂಗಡಿ ಕುರ್ಚಿ, ಆ ಹಾಳು ಚೌಕುಳಿ ಕಾಗದ, ಅದೇ ಕಣ್ಣಿಗೆ ಕಟ್ಟುತ್ತೆ. ಅವನು ಪಕ್ಕದಲ್ಲಿದ್ರೆ ನಾನು ಕಲಿಸೋನು. ನೀನಿದ್ರೆ ನಾನು ರೋಗಿ."

ಅವನು ಕಂಬಿ ಹಿಡಿದು ನಿಂತೇ ಇದ್ದ. ಹೊಡೆತ ಸರಿಯಾದ ಜಾಗಕ್ಕೇ ಬಿದ್ದಿತ್ತು. ತನ್ನದೆಂದು ಎರಡು ವರ್ಷ ಬೀಗಿದ ಜಾಗ ಮಾವನಿಗೆ ಮುಳ್ಳಾಗಿತ್ತು. ಅದನ್ನು ಅರಗಿಸಿಕೊಳ್ಳುತ್ತಿರುವಾಗಲೇ ಇನ್ನೊಂದು ಅರಿವಾಯಿತು: ಮಾವ ಅವನನ್ನು "ನೀನು" ಎಂದಿದ್ದರು. ಬೈಗುಳದ ರಭಸದಲ್ಲಿ ಬಂದ ಏಕವಚನ. ನಾಚಿಕೆಯಾಗಬೇಕಾದ ಹೊತ್ತಿನಲ್ಲಿ ಅವನಿಗೆ ಒಳಗೆಲ್ಲೋ ಹಾಯೆನಿಸಿತು. ತನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ ಎಂದುಕೊಂಡ.

"ನಾನು ಬರಲ್ಲ ಈ ಸಲ. ನೀವೆಲ್ಲ ಹೋಗಿಬನ್ನಿ."

"ಬರ್ದೇ ಏನು ಮಾಡ್ತೀಯ? ಮನೆಯಲ್ಲಿ ಕೂತು ಹೊಟ್ಟೆ ಉರ್ಕೋತೀಯ. ಅದನ್ನ ಬೋಟಲ್ಲೇ ಉರ್ಕೋ. ಆ ಎಣ್ಣೆ ಡಬ್ಬಿ ಕೊಡು."

ಅವನು ಡಬ್ಬಿ ಕೊಟ್ಟ.

ಶನಿವಾರ ಬೆಳಕು ಹರಿಯುವಾಗ ಹೊರಟರು. ಹೆಂಡತಿ ಚುಕ್ಕಾಣಿ ಹಿಡಿದಳು. ಹೊರಡುವ ಮೊದಲು ಎಲ್ಲರ ಜಾಕೆಟ್ಟಿನ ಪಟ್ಟಿಯನ್ನೂ ತಾನೇ ಎಳೆದೆಳೆದು ನೋಡಿದಳು; ಲಿಫ್ಟಿನವನಿಗೆ ಉಸಿರು ಕಟ್ಟಿತು. ಪಕ್ಕದ ಜಾಗದಲ್ಲಿ ಮಾವ ನಿಂತರು. "ಗಾಳಿ ಎಡಗೆನ್ನೆಗೆ ಬಡೀತಿದೆ, ಸ್ವಲ್ಪ ಬಲಕ್ಕೆ ಹೋಗ್ತಿದ್ದೀಯ" ಎನ್ನುವರು. ಅವಳು ದಿಕ್ಸೂಚಿ ನೋಡಿ "ಹೌದಪ್ಪ" ಎನ್ನುವಳು. ಕನ್ನಡಕದವನು ಹಿಂದೆ ಎಡಮೂಲೆಯಲ್ಲಿ ಕೂತು ಇಬ್ಬರ ಬೆನ್ನನ್ನೂ ನೋಡುತ್ತಿದ್ದ. ಈಗ ಹೆಂಡತಿಯ ಮೇಲೂ ಹೊಟ್ಟೆಕಿಚ್ಚು ಪಡಬೇಕಾ ಎಂದು ಯೋಚಿಸಿ ಅವನಿಗೇ ನಗು ಬಂತು.

ಒಂಬತ್ತರ ಹೊತ್ತಿಗೆ ದ್ವೀಪ ಕಂಡಿತು. ಬೋಳು ಬಂಡೆ, ತಲೆಯ ಮೇಲೆ ನಾಲ್ಕು ಮರ, ಸುತ್ತ ಹಕ್ಕಿ. ನೀರು ಹಸಿರಿನಿಂದ ಕಡುನೀಲಿಗೆ ತಿರುಗುವ ಕಡೆ ಹೆಂಡತಿ ವೇಗ ಇಳಿಸಿದಳು. ನಾಲ್ಕು ದಾರ ಬಿಟ್ಟರು. ಲಿಫ್ಟಿನವನು ಅಷ್ಟರಲ್ಲಿ ಎರಡು ಸಲ ವಾಂತಿ ಮಾಡಿ, ಬಾಯಿ ತೊಳೆದು, "ಲಿಫ್ಟು ಮೇಲೆ ಕೆಳಗೆ ಹೋದ್ರೆ ನನಗೇನೂ ಆಗಲ್ಲ ಭಾವ, ಇದು ಅಡ್ಡಡ್ಡ ಹೋಗುತ್ತೆ" ಎಂದು ಗೊಣಗುತ್ತಿದ್ದ.

ಬಲಮೂಲೆಯ ರೀಲು ಕಿರುಚಿತು.

ದಾರ ನೂರು ಮೀಟರ್, ಇನ್ನೂರು ಮೀಟರ್ ಓಡಿತು. ಲಿಫ್ಟಿನವನು ಕೋಲನ್ನು ಕಿತ್ತುಕೊಂಡು ಸೊಂಟದ ಪಟ್ಟಿಗೆ ಊರಿದ. ಮಾವ ಮುಂದಿನಿಂದಲೇ ಕೂಗಿದರು: "ಎಳೀಬೇಡ! ಓಡಲಿ ಬಿಡು! ಸುಸ್ತಾದಾಗ ಸುತ್ತು!" ಮೊದಲ ಹತ್ತು ನಿಮಿಷ ಅವನು ಚೆನ್ನಾಗಿಯೇ ಜಗ್ಗಿದ. ಇಪ್ಪತ್ತಾಗುವಷ್ಟರಲ್ಲಿ ಮುಖ ಬೂದಿಯಾಯಿತು. ಮೀನು ಆಳಕ್ಕೆ ಧುಮುಕಿದಾಗ ಅವನ ಮಂಡಿ ಬೋಟಿನ ಅಂಚಿಗೆ ಬಡಿಯಿತು, ಅರ್ಧ ಮೈ ಆಚೆಗೆ ವಾಲಿತು.

"ಭಾವ, ಕೈ ಬಿದ್ದೇಹೋಯ್ತು. ನೀವು ಹಿಡೀರಿ. ಹಿಡೀರಿ ಭಾವ!"

ಕನ್ನಡಕದವನು ಎದ್ದ. ಈ ಆಟಕ್ಕೊಂದು ನಿಯಮವಿದೆ. ಗಾಳಕ್ಕೆ ಬಿದ್ದ ಮೇಲೆ ಇನ್ನೊಬ್ಬರು ಕೋಲು ಮುಟ್ಟಿದರೆ ಮೀನು ಹಿಡಿದವನದಾಗುವುದಿಲ್ಲ. ಲಿಫ್ಟಿನವನಿಗೆ ಅದು ಗೊತ್ತಿಲ್ಲ. ತಾನು ಮುಟ್ಟಿದರೂ ತಪ್ಪು ತನ್ನ ಮೇಲೆ ಬರುವುದಿಲ್ಲ, ಅವನೇ ಬೇಡಿಕೊಂಡ ಎಂದಾಗುತ್ತದೆ. ಕೈ ಕೋಲಿನವರೆಗೆ ಹೋಯಿತು. ಹೋಯಿತು ಎನ್ನುವುದನ್ನು ಅವನು ಆಮೇಲೂ ತನ್ನಿಂದ ಮುಚ್ಚಿಟ್ಟುಕೊಳ್ಳಲಿಲ್ಲ.

ಆಮೇಲೆ ಅವನು ಹಿಂದಿನಿಂದ ಷಡ್ಡಕನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಊರಿ, ಹಿಂದಕ್ಕೆ ಜಗ್ಗಿದ. "ನಾನು ಮುಟ್ಟಿದ್ರೆ ಅದು ನಿನ್ನ ಮೀನಾಗಲ್ಲ ಕಣೋ. ಕೋಲು ಮೇಲೆತ್ತು. ಹಾಂ. ಈಗ ಇಳಿಸ್ತಾ ಸುತ್ತು. ತೋಳಲ್ಲಿ ಅಲ್ಲ, ಸೊಂಟದಲ್ಲಿ!"

"ಬೀಳ್ತೀನಿ ಭಾವ!"

"ಬೀಳೋಕೆ ನಾನು ಬಿಡಬೇಕಲ್ಲ!"

ಇನ್ನೂ ಇಪ್ಪತ್ತು ನಿಮಿಷ ಹಾಗೇ ನಡೆಯಿತು. ಹೆಂಡತಿ ಬೋಟನ್ನು ಹಿಂದೆ ಮುಂದೆ ಆಡಿಸುತ್ತ ದಾರ ಇಂಜಿನ್ನಿಗೆ ಸಿಗದ ಹಾಗೆ ನೋಡಿಕೊಂಡಳು. ಕೊನೆಗೆ ನೀಲಿಯೊಳಗಿನಿಂದ ಬೆಳ್ಳಿಯ ಮೈಯೊಂದು ಸುತ್ತುತ್ತ ಮೇಲೆ ಬಂತು. ಮೂವರೂ ಸೇರಿ ಒಳಗೆಳೆದುಕೊಂಡಾಗ ಬೋಟಿನ ನೆಲವೆಲ್ಲ ಅದರ ಬಾಲದ ಬಡಿತಕ್ಕೆ ನಡುಗಿತು. ಲಿಫ್ಟಿನವನು ಮೀನಿನ ಪಕ್ಕದಲ್ಲೇ ಬಿದ್ದುಕೊಂಡು ನಗುತ್ತ, ಅಳುತ್ತ, ಮತ್ತೊಮ್ಮೆ ವಾಂತಿ ಮಾಡಿದ.

ಮಾವ ಮಂಡಿಯೂರಿ ಕೂತು ಮೀನನ್ನು ಮೂತಿಯಿಂದ ಬಾಲದವರೆಗೆ ಅಂಗೈಯಿಂದ ಸವರಿದರು. "ನನ್ನ ಕಾಲದಲ್ಲಿ ಇಂಥದ್ದು ನಾಲ್ಕೇ ಬಂದಿದ್ದು," ಎಂದರು. "ಲೋ, ನೀನು ಕೆಟ್ಟೆ. ಇನ್ನು ನಿನ್ನನ್ನ ಸಮುದ್ರ ಬಿಡಲ್ಲ." ಒದ್ದೆ ಕೈಯಲ್ಲೇ ಅವನ ತಲೆ ಹಿಡಿದು ಅಲ್ಲಾಡಿಸಿದರು.

ಕನ್ನಡಕದವನ ಹೊಟ್ಟೆಯಲ್ಲಿ ಆ ಕಿಡಿ ಮತ್ತೆ ಚುರುಕ್ಕೆಂದಿತು. ಆರಿರಲಿಲ್ಲ. ಇವತ್ತೇ ಆರುವಂಥದ್ದೂ ಅಲ್ಲ. ಅವನು ಬಕೆಟ್ಟಿನಲ್ಲಿ ನೀರು ಮೊಗೆದು ನೆಲ ತೊಳೆಯತೊಡಗಿದ. ಬೆಲ್ಟಿನ ಅಂಚು ಕೊರೆದು ಎರಡೂ ಅಂಗೈಯಲ್ಲಿ ಕೆಂಪು ಬರೆ ಎದ್ದಿದ್ದವು, ಉಪ್ಪುನೀರು ತಾಗಿ ಉರಿಯುತ್ತಿದ್ದವು.

"ಇವನನ್ನ ಹಿಂದಿನಿಂದ ಹಿಡ್ಕೊಂಡಿದ್ದು ಯಾರು?" ಎಂದು ಮಾವ ಕೇಳಿದರು.

"ನಾನೇ ಮಾವ."

"ಕೋಲು ಮುಟ್ಟಲಿಲ್ವಾ?"

"ಇಲ್ಲ."

"ಹ್ಞೂಂ," ಎಂದರು ಮಾವ.

ಮಂಜುಗಡ್ಡೆಯ ಪೆಟ್ಟಿಗೆ ತೆರೆಯಲು ಹೇಳಿದರು, ದಾರ ಮತ್ತೆ ಬಿಡಲು ಹೇಳಿದರು, ಮಗಳಿಗೆ ಇನ್ನೊಂದು ಸುತ್ತು ಹಾಕಲು ಹೇಳಿದರು. ಕನ್ನಡಕದವನು ದಾರ ಬಿಡುತ್ತ ಆ ಒಂದು ಹ್ಞೂಂ ಅನ್ನು ಕಿವಿಯಲ್ಲೇ ಇಟ್ಟುಕೊಂಡು, ಅದರಲ್ಲಿ ಎಷ್ಟು ಮೆಚ್ಚುಗೆ, ಎಷ್ಟು ಬರೀ ಉಸಿರು ಎಂದು ತೂಗಿ ನೋಡುತ್ತ ಕೂತ. ಮೆಚ್ಚುಗೆಯೇ ಒಂದು ಗುಂಜಿ ಹೆಚ್ಚಿರಬೇಕು ಎನ್ನಿಸಿತು.